ದೆಹಲಿ ಪ್ರವಾಸದಲ್ಲಿ ಕಲಿತ ಲೆಕ್ಕ



ಕಳೆದ ಡಿಸೆಂಬರ್‌ನಲ್ಲಿ ನಮ್ಮ ವಾಣಿಜ್ಯ ವಿಭಾಗದ 36 ವಿದ್ಯಾರ್ಥಿಗಳು ಅಧ್ಯಯನ ಪ್ರವಾಸಕ್ಕೆ ದೆಹಲಿಗೆ ಹೋಗಿ ಬಂದೆವು. ಹೋಗುವ ಮೊದಲೇ ಅರ್ಥಶಾಸ್ತ್ರದ ಸರ್ ಒಂದು ಮಾತು ಹೇಳಿದ್ದರು: "ಕಟ್ಟಡ ನೋಡಿ ಬಂದರೆ ಅದು ಪಿಕ್ನಿಕ್. ಕಟ್ಟಡದೊಳಗೆ ನಡೆಯುವ ಕೆಲಸ ತಿಳಿದು ಬಂದರೆ ಅದು ಅಧ್ಯಯನ." ದ್ವಿತೀಯ ಪಿಯುಸಿ ಅರ್ಥಶಾಸ್ತ್ರದಲ್ಲಿ ಸರ್ಕಾರದ ಮುಂಗಡ ಪತ್ರದ ಅಧ್ಯಾಯ ನಮಗಿದೆ. ಆ ಅಧ್ಯಾಯವನ್ನು ಕೈಯಲ್ಲಿ ಹಿಡಿದುಕೊಂಡೇ ದೆಹಲಿ ನೋಡಬೇಕು ಎಂಬುದು ಸರ್ ಆಸೆ. ನಾನು ಆ ಅಧ್ಯಾಯವನ್ನು ಕಲಿತೆ. ಆದರೆ ನೋಡಿ ಕಲಿತದ್ದಕ್ಕಿಂತ ತಪ್ಪು ಮಾಡಿ ಕಲಿತದ್ದು ಹೆಚ್ಚು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಕೈಗೆ ಬಂದ ಹಣ

ರೈಲು ಟಿಕೆಟ್, ವಸತಿ, ಊಟದ ದೊಡ್ಡ ಖರ್ಚುಗಳನ್ನು ಸರ್ ಮತ್ತು ಮೇಡಂ ನೋಡಿಕೊಂಡರು. ಚಹಾ, ನೀರು, ಮೆಟ್ರೋ, ಪ್ರವೇಶ ಶುಲ್ಕ, ಔಷಧಿ ಮುಂತಾದ ಸಣ್ಣ ಖರ್ಚಿಗೆಂದು ಒಬ್ಬೊಬ್ಬರಿಂದ 500 ರೂಪಾಯಿಯಂತೆ ಒಟ್ಟು 18,000 ರೂಪಾಯಿ ಸೇರಿಸಿದೆವು. ಅದಕ್ಕೆ ಒಬ್ಬ ಖಜಾಂಚಿ ಬೇಕು ಎಂದು ತರಗತಿಯಲ್ಲಿ ಚೀಟಿ ಹಾಕಿ ಮತದಾನ ಮಾಡಿದರು. ನಾನು ನಾಲ್ಕು ಮತಗಳಿಂದ ಗೆದ್ದೆ. ಸೋತ ಗೆಳತಿ ನಮ್ಮ ತರಗತಿಯಲ್ಲಿ ಅಕೌಂಟೆನ್ಸಿಗೆ ಮೊದಲಿಗಳು. ಅವಳ ವಿಷಯ ಮುಂದೆ ಬರುತ್ತದೆ.

ಅಬ್ಬಾಗೆ ಊರಲ್ಲಿ ಸಣ್ಣ ಕಿರಾಣಿ ಅಂಗಡಿ ಇದೆ. ಅವರ ಲೆಕ್ಕದ ಪುಸ್ತಕ ಉರ್ದುವಿನಲ್ಲಿ. ಆದರೆ ಜಮಾ, ಖರ್ಚು, ಬಾಕಿ, ವಸೂಲಿ, ರಶೀದಿ ಎಂಬ ಆ ಪುಸ್ತಕದ ಶಬ್ದಗಳೆಲ್ಲ ಕನ್ನಡದ ಅಂಗಡಿಗಳಲ್ಲೂ ಅವೇ. ಹಣ ಎಣಿಸಿ ಬ್ಯಾಗಿನಲ್ಲಿ ಇಡುವಾಗ ಅಬ್ಬಾ, "ಬೇಟಿ, ಇದು ನಿನ್ನ ದುಡ್ಡಲ್ಲ, ಅಮಾನತ್" ಎಂದರು. ನಮ್ಮ ಮನೆಯಲ್ಲಿ ಅಮಾನತ್ ಎಂದರೆ ಇನ್ನೊಬ್ಬರು ನಂಬಿ ನಮ್ಮ ಹತ್ತಿರ ಇಟ್ಟದ್ದು. ನಾನು ತಲೆಯಾಡಿಸಿದೆ. ಅರ್ಥವಾಗಿದೆ ಎಂದೇ ಅಂದುಕೊಂಡಿದ್ದೆ.

ಕಲಬುರಗಿಯಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿ ಒಂದು ಹಗಲು, ಒಂದು ರಾತ್ರಿ ಕಳೆದು ದೆಹಲಿ ತಲುಪಿದೆವು. ಇಳಿದ ಕೂಡಲೇ ಚಳಿ. ನಮ್ಮೂರಿನ ಬಿಸಿಲಿಗೆ ಒಗ್ಗಿದ ಮೈಗಳು ಗಡಗಡ ನಡುಗಿದವು.

ರಾಷ್ಟ್ರಪತಿ ಭವನ: ಒಂದು ಸಹಿಯ ಬೆಲೆ

ಮೊದಲ ದಿನ ರೈಸಿನಾ ಗುಡ್ಡದ ಮೇಲಿನ ರಾಷ್ಟ್ರಪತಿ ಭವನ ನೋಡಿದೆವು. 340 ಕೋಣೆಗಳ ಈ ಕಟ್ಟಡವನ್ನು ಎಡ್ವಿನ್ ಲುಟಿಯೆನ್ಸ್ ವಿನ್ಯಾಸಗೊಳಿಸಿದರು. 1929ರಲ್ಲಿ ಪೂರ್ಣಗೊಂಡಾಗ ಅದು ಬ್ರಿಟಿಷ್ ವೈಸ್‌ರಾಯ್ ಮನೆ. 1950ರ ಜನವರಿ 26ರಂದು ಅದೇ ಮನೆಯ ದರ್ಬಾರ್ ಹಾಲ್‌ನಲ್ಲಿ ಡಾ. ರಾಜೇಂದ್ರ ಪ್ರಸಾದ್ ಗಣರಾಜ್ಯದ ಮೊದಲ ರಾಷ್ಟ್ರಪತಿಯಾಗಿ ಪ್ರಮಾಣವಚನ ಸ್ವೀಕರಿಸಿದರು. ಆ ಸಭಾಂಗಣಕ್ಕೆ 2024ರಿಂದ ಗಣತಂತ್ರ ಮಂಟಪ ಎಂಬ ಹೆಸರು.

ಸಾಲಿನಲ್ಲಿ ನಿಂತಾಗ ಸರ್ ಒಂದು ಪ್ರಶ್ನೆ ಕೇಳಿದರು: "ಮುಂಗಡ ಪತ್ರ ಯಾರದು?" ಎಲ್ಲರೂ ಹಣಕಾಸು ಸಚಿವರದು ಎಂದೆವು. ಸಂವಿಧಾನದ 112ನೇ ವಿಧಿಯ ಪ್ರಕಾರ ಪ್ರತಿ ವರ್ಷದ 'ವಾರ್ಷಿಕ ಹಣಕಾಸು ತಃಖ್ತೆ'ಯನ್ನು ಸಂಸತ್ತಿನ ಎರಡೂ ಸದನಗಳ ಮುಂದೆ ಇಡಿಸುವ ಹೊಣೆ ರಾಷ್ಟ್ರಪತಿಯವರದು. ಬಜೆಟ್ ಎಂಬ ಪದವೇ ಆ ವಿಧಿಯಲ್ಲಿ ಇಲ್ಲ. ರಾಷ್ಟ್ರಪತಿಯವರ ಶಿಫಾರಸು ಇಲ್ಲದೆ ಯಾವ ಇಲಾಖೆಯೂ ಅನುದಾನ ಕೇಳುವಂತಿಲ್ಲ. ಹಾಗೆಂದು ಅವರೇ ಖಜಾನೆಯ ಒಡೆಯರಲ್ಲ. ಅವರ ತಿಂಗಳ 5 ಲಕ್ಷ ರೂಪಾಯಿ ಸಂಬಳವೂ ದೇಶದ ಲೆಕ್ಕದ ಪುಸ್ತಕದಲ್ಲಿ ಬರಲೇಬೇಕು. ಅಷ್ಟು ದೊಡ್ಡ ಮನೆಯಲ್ಲಿರುವವರಿಗೂ ಲೆಕ್ಕ ತಪ್ಪಿದ್ದಲ್ಲ.

ಅದೇ ಸಾಲಿನಲ್ಲಿ ನನ್ನ ಪಕ್ಕದಲ್ಲಿದ್ದ ಗೆಳತಿ ತೆಳ್ಳನೆ ದುಪಟ್ಟಾ ಹೊದ್ದು ನಡುಗುತ್ತಿದ್ದಳು. ಸ್ವೆಟರ್ ಎಲ್ಲಿ ಎಂದು ಕೇಳಿದರೆ "ಮರೆತು ಬಂದೆ" ಎಂದಳು. ಸಂಜೆ ನಿಜ ಹೇಳಿದಳು. ಪ್ರವಾಸದ ದುಡ್ಡು ಹೊಂದಿಸುವುದರಲ್ಲೇ ಮನೆಯವರು ಸೋತಿದ್ದರು, ಸ್ವೆಟರ್ ಕೇಳಲು ಅವಳಿಗೆ ಬಾಯಿ ಬರಲಿಲ್ಲ. "ಯಾರಿಗೂ ಹೇಳಬೇಡ" ಎಂದು ಕೈ ಹಿಡಿದಳು. ನಾನು ರಸ್ತೆ ಬದಿಯ ಅಂಗಡಿಯಲ್ಲಿ ಚೌಕಾಸಿ ಮಾಡಿ 650 ರೂಪಾಯಿಗೆ ಒಂದು ಸ್ವೆಟರ್ ಕೊಂಡು ಅವಳಿಗೆ ಕೊಟ್ಟೆ. ದುಡ್ಡು ಕೊಟ್ಟದ್ದು ಬ್ಯಾಗಿನಲ್ಲಿದ್ದ ಎಲ್ಲರ ಹಣದಿಂದ. ರಾತ್ರಿ ಚಿಲ್ಲರೆ ನಗದು ಪುಸ್ತಕದಲ್ಲಿ "ಇತರೆ: 650" ಎಂದು ಬರೆದು ಮಲಗಿದೆ. ಒಳ್ಳೆಯ ಕೆಲಸ ಮಾಡಿದೆ ಎಂಬ ಸಮಾಧಾನದಲ್ಲಿ ಒಳ್ಳೆ ನಿದ್ದೆಯೂ ಬಂತು.

ಸಂಸತ್ತು: ಕೇಳದೆ ಒಂದು ರೂಪಾಯಿಯೂ ಇಲ್ಲ

ಎರಡನೇ ದಿನ ಸಂಸತ್ತು. ಹಳೆಯ ದುಂಡು ಕಟ್ಟಡವನ್ನು ಹೊರಗಿನಿಂದ ನೋಡಿದೆವು. 144 ಕಂಬಗಳ ಆ ಕಟ್ಟಡ 1927ರಲ್ಲಿ ಉದ್ಘಾಟನೆಯಾಯಿತು. ಈಗ ಅದರ ಹೆಸರು ಸಂವಿಧಾನ ಸದನ. ಅದರ ಸೆಂಟ್ರಲ್ ಹಾಲ್‌ನಲ್ಲಿ 1946ರ ಡಿಸೆಂಬರ್ 9ರಂದು ಸಂವಿಧಾನ ಸಭೆ ಮೊದಲ ಸಲ ಸೇರಿತು. 1949ರ ನವೆಂಬರ್ 26ರಂದು ನಮ್ಮ ಸಂವಿಧಾನವನ್ನು ಅಂಗೀಕರಿಸಿದ್ದೂ ಅಲ್ಲೇ. ಆ ಸಭೆಯಲ್ಲಿದ್ದ 15 ಮಹಿಳೆಯರಲ್ಲಿ ಬೇಗಂ ಐಜಾಜ್ ರಸೂಲ್ ಒಬ್ಬರೇ ಮುಸ್ಲಿಂ ಮಹಿಳೆ. ಮೇಡಂ ಇದನ್ನು ಹೇಳಿದಾಗ ನಮ್ಮ ಹುಡುಗಿಯರ ಸಾಲು ಸ್ವಲ್ಪ ನೆಟ್ಟಗೆ ನಿಂತಿತು.

ಪಕ್ಕದಲ್ಲೇ ತ್ರಿಕೋನಾಕಾರದ ಹೊಸ ಸಂಸತ್ ಭವನ. 2023ರ ಮೇ 28ರಂದು ಉದ್ಘಾಟನೆಯಾದ ಇದರ ಲೋಕಸಭೆಯಲ್ಲಿ 888 ಆಸನಗಳಿವೆ, ರಾಜ್ಯಸಭೆಯಲ್ಲಿ 384. ಈಗಿರುವ ಲೋಕಸಭಾ ಕ್ಷೇತ್ರಗಳು 543, ಅದರಲ್ಲಿ ಕರ್ನಾಟಕದ್ದು 28. ಪಾಸ್ ತೋರಿಸಿ, ತಪಾಸಣೆ ಮುಗಿಸಿ, ಮೊಬೈಲ್ ಮತ್ತು ಬ್ಯಾಗ್ ಹೊರಗೆ ಬಿಟ್ಟು ವೀಕ್ಷಕರ ಗ್ಯಾಲರಿಗೆ ಹೋದೆವು. ಅಲ್ಲಿ ಮಾತಾಡುವಂತಿಲ್ಲ, ಎದ್ದು ನಿಲ್ಲುವಂತಿಲ್ಲ, ಚಪ್ಪಾಳೆ ತಟ್ಟುವಂತಿಲ್ಲ. ಟಿವಿಯಲ್ಲಿ ಗದ್ದಲ ಮಾತ್ರ ನೋಡಿದ್ದ ನಮಗೆ ಅಲ್ಲಿ ಕಂಡದ್ದು ಬೇರೆ. ಸಚಿವರು ಒಬ್ಬೊಬ್ಬರಾಗಿ ಎದ್ದು ತಮ್ಮ ಇಲಾಖೆಯ ಕಾಗದಪತ್ರಗಳನ್ನು ಸದನದ ಮುಂದೆ ಇಡುತ್ತಿದ್ದರು. ನನ್ನ ಹಿಂದೆ ಕುಳಿತ ಹುಡುಗ ಆಕಳಿಸಿದ. ಹೊರಗೆ ಬಂದ ಮೇಲೆ ಸರ್ ಹೇಳಿದರು: "ನಿಮಗೆ ಬೇಸರ ತಂದ ಆ ಹತ್ತು ನಿಮಿಷವೇ ಮುಖ್ಯ. ಸರ್ಕಾರ ಜನರ ಮುಂದೆ ಕಾಗದ ಇಟ್ಟ ಹೊತ್ತು ಅದು."

ನಂತರ ಹುಲ್ಲಿನ ಮೇಲೆ ಕೂರಿಸಿ ಪಾಠ ಮಾಡಿದರು. ಪರೀಕ್ಷೆಗೂ ಬೇಕಾದ ವಿಷಯವಾದ್ದರಿಂದ ಇಲ್ಲಿ ಕೊಡುತ್ತಿದ್ದೇನೆ.

ಸರ್ಕಾರದ ಹಣ ಮೂರು ಕಡೆ ಇರುತ್ತದೆ.

1. ಸಂಚಿತ ನಿಧಿ (ವಿಧಿ 266): ತೆರಿಗೆ, ಸಾಲ, ಸಾಲದ ಮರುಪಾವತಿ ಎಲ್ಲವೂ ಇಲ್ಲಿಗೆ ಬರುತ್ತದೆ. ನಾವು ಅಂಗಡಿಯಲ್ಲಿ ಸೋಪು ಕೊಂಡಾಗ ಕೊಡುವ ಜಿಎಸ್‌ಟಿಯಲ್ಲಿ ಕೇಂದ್ರದ ಪಾಲು ಕೂಡ. ಸಂಸತ್ತು ಕಾನೂನು ಮಾಡಿ ಒಪ್ಪಿಗೆ ಕೊಡದೆ ಇದರಿಂದ ಒಂದು ರೂಪಾಯಿಯನ್ನೂ ತೆಗೆಯುವಂತಿಲ್ಲ.

2. ಸಾರ್ವಜನಿಕ ಲೆಕ್ಕ (ವಿಧಿ 266): ಭವಿಷ್ಯ ನಿಧಿ, ಸಣ್ಣ ಉಳಿತಾಯದಂಥ ಹಣ. ಇದು ಸರ್ಕಾರದ್ದಲ್ಲ. ಜನರದ್ದು, ಮರಳಿ ಕೊಡಬೇಕಾದದ್ದು. ಇದನ್ನು ಕೇಳುವಾಗ ಅಬ್ಬಾ ಹೇಳಿದ ಅಮಾನತ್ ಎಂಬ ಮಾತು ನೆನಪಾಯಿತು.

3. ಸಾದಿಲ್ವಾರು ನಿಧಿ (ವಿಧಿ 267): ಮೊದಲೇ ಊಹಿಸಲಾಗದ ತುರ್ತು ಖರ್ಚಿಗೆ. 2021ರಿಂದ ಇದರ ಮೊತ್ತ 30,000 ಕೋಟಿ ರೂಪಾಯಿ. ಇದು ರಾಷ್ಟ್ರಪತಿಯವರ ಅಧೀನದಲ್ಲಿರುತ್ತದೆ. ಮೊದಲು ಖರ್ಚು ಮಾಡಿ ಆಮೇಲೆ ಸಂಸತ್ತಿನ ಒಪ್ಪಿಗೆ ಪಡೆಯಬಹುದು.

ಇಲಾಖೆಗಳು ಹಣ ಕೇಳುವುದಕ್ಕೆ ಅನುದಾನದ ಬೇಡಿಕೆ ಎನ್ನುತ್ತಾರೆ (ವಿಧಿ 113). ಇದಕ್ಕೆ ಮತ ಹಾಕುವ ಅಧಿಕಾರ ಲೋಕಸಭೆಗೆ ಮಾತ್ರ. ಒಪ್ಪಿಗೆಯಾದ ಬೇಡಿಕೆಗಳನ್ನು ಸೇರಿಸಿ ಧನವಿನಿಯೋಗ ವಿಧೇಯಕ ಪಾಸು ಮಾಡುತ್ತಾರೆ (ವಿಧಿ 114). ರಾಷ್ಟ್ರಪತಿ, ಸುಪ್ರೀಂ ಕೋರ್ಟ್ ನ್ಯಾಯಾಧೀಶರು, ಮಹಾಲೆಕ್ಕ ಪರಿಶೋಧಕರ ಸಂಬಳ ಮತ್ತು ಸರ್ಕಾರಿ ಸಾಲದ ಬಡ್ಡಿಗೆ ಮತದಾನ ಇಲ್ಲ, ಆದರೆ ಚರ್ಚೆ ಮಾಡಬಹುದು.

ಇಲಾಖೆಯ ನೀತಿಯೇ ಇಷ್ಟವಾಗದಿದ್ದರೆ ಒಬ್ಬ ಸದಸ್ಯ "ಈ ಬೇಡಿಕೆಯನ್ನು 1 ರೂಪಾಯಿಗೆ ಇಳಿಸಬೇಕು" ಎಂದು ಕಡಿತ ಸೂಚನೆ ತರಬಹುದು. ಒಂದು ನಿರ್ದಿಷ್ಟ ದೂರು ಹೇಳಬೇಕಾದರೆ "100 ರೂಪಾಯಿ ಕಡಿಮೆ ಮಾಡಬೇಕು" ಎನ್ನಬಹುದು. ಸಾವಿರಾರು ಕೋಟಿಯ ಮುಂದೆ 100 ರೂಪಾಯಿ ಯಾವ ಲೆಕ್ಕ ಎಂದು ನಾವೆಲ್ಲ ನಕ್ಕೆವು. ಸರ್ ನಗಲಿಲ್ಲ. "ಅದು 100 ರೂಪಾಯಿಯ ಪ್ರಶ್ನೆ ಅಲ್ಲ. ಕೇಳುವ ಹಕ್ಕಿನ ಪ್ರಶ್ನೆ" ಎಂದರು.

ವರ್ಷದ ಮಧ್ಯೆ ಹಣ ಸಾಲದಿದ್ದರೆ ಪೂರಕ ಅನುದಾನ ಕೇಳಬೇಕು (ವಿಧಿ 115). ಒಪ್ಪಿಗೆ ಕೊಟ್ಟದ್ದಕ್ಕಿಂತ ಹೆಚ್ಚು ಖರ್ಚಾಗಿ ಹೋಗಿದ್ದರೆ, ಯಾಕೆ ಹೆಚ್ಚಾಯಿತು ಎಂದು ವಿವರಿಸಿ ಆ ಹೆಚ್ಚುವರಿಗೂ ಸಂಸತ್ತಿನ ಮುಂದೆ ಬರಬೇಕು. ಇಷ್ಟೆಲ್ಲ ಬರೆದುಕೊಳ್ಳುತ್ತಿದ್ದ ನನಗೆ ನನ್ನ ಬ್ಯಾಗಿನಲ್ಲಿದ್ದ "ಇತರೆ: 650" ನೆನಪಾಗಲೇ ಇಲ್ಲ. ಪಾಠ ಬೇರೆ, ನಾನು ಬೇರೆ ಎಂದುಕೊಂಡಿದ್ದೆ.

ನಮ್ಮ ಭಾಗಕ್ಕೂ ಈ ಸಂಸತ್ತಿಗೂ ಒಂದು ನೇರ ಸಂಬಂಧ ಇದೆ. ಸಿಇಟಿಗೆ ಅರ್ಜಿ ಹಾಕುವಾಗ ನಾವೆಲ್ಲ ಓಡಾಡಿ ಮಾಡಿಸುವ 371(ಜೆ) ಪ್ರಮಾಣಪತ್ರದ ಮೂಲ ಇರುವುದು ಸಂವಿಧಾನದ 98ನೇ ತಿದ್ದುಪಡಿಯಲ್ಲಿ. 2012ರಲ್ಲಿ ಸಂಸತ್ತು ಅದನ್ನು ಅಂಗೀಕರಿಸಿತು. ನಮಗೆ ಗೊತ್ತಿರುವುದು ಸೀಟು ಮತ್ತು ನೌಕರಿಯ ಮೀಸಲಾತಿ ಮಾತ್ರ. ಆದರೆ ಅದೇ ವಿಧಿಯಲ್ಲಿ ನಮ್ಮ ಪ್ರದೇಶಕ್ಕೆ ಪ್ರತ್ಯೇಕ ಅಭಿವೃದ್ಧಿ ಮಂಡಳಿ ಇರಬೇಕು, ಅದರ ಕೆಲಸದ ವರದಿ ಪ್ರತಿ ವರ್ಷ ರಾಜ್ಯ ವಿಧಾನಸಭೆಯ ಮುಂದೆ ಬರಬೇಕು ಎಂಬ ಮಾತೂ ಇದೆ. ಹಣ ಕೊಟ್ಟರೆ ಸಾಲದು, ಲೆಕ್ಕವೂ ಮುಂದೆ ಬರಬೇಕು ಎಂಬುದು ಅಲ್ಲೂ ಇದೆ.

ಲೆಕ್ಕ ನೋಡುವವರು

ಮೂರನೇ ದಿನ ತಿಲಕ್ ಮಾರ್ಗದ ಸುಪ್ರೀಂ ಕೋರ್ಟ್ ನೋಡಲು ಹೋದೆವು. 1950ರಲ್ಲಿ ಆರಂಭವಾದ ಈ ನ್ಯಾಯಾಲಯ ಮೊದಲ ವರ್ಷಗಳಲ್ಲಿ ಹಳೆಯ ಸಂಸತ್ ಭವನದೊಳಗೇ ನಡೆಯುತ್ತಿತ್ತು. 1958ರಲ್ಲಿ ಈಗಿನ ಕಟ್ಟಡಕ್ಕೆ ಬಂತು. ಕಟ್ಟಡವನ್ನು ತಕ್ಕಡಿಯ ಆಕಾರದಲ್ಲಿ ಕಟ್ಟಿದ್ದಾರೆ. ನಡುವಿನ ಭಾಗ ತಕ್ಕಡಿಯ ದಂಡ, ಎರಡು ತುದಿಗಳು ತಟ್ಟೆಗಳು. ಅಂಗಡಿ ಮನೆಯಲ್ಲಿ ಹುಟ್ಟಿದ ನನಗೆ ಆ ತಕ್ಕಡಿ ಬಹಳ ಹಿಡಿಸಿತು.

ಅಲ್ಲಿಂದ ಹೊರಟಾಗ ಬಸ್ಸಿನ ಕಿಟಕಿಯಿಂದ ಸರ್ ಇನ್ನೊಂದು ಕಟ್ಟಡ ತೋರಿಸಿದರು. ಅದು ಭಾರತದ ಲೆಕ್ಕ ನಿಯಂತ್ರಕರು ಮತ್ತು ಮಹಾಲೆಕ್ಕ ಪರಿಶೋಧಕರ, ಅಂದರೆ ಸಿಎಜಿ ಅವರ ಕಚೇರಿ. ಯಾರೂ ಫೋಟೋ ತೆಗೆಯಲಿಲ್ಲ. ಆದರೆ ಸಂವಿಧಾನದಲ್ಲಿ ಇವರ ಸ್ಥಾನ ಬಹಳ ದೊಡ್ಡದು (ವಿಧಿ 148ರಿಂದ 151). ಬಹುಶಃ ಇವರೇ ಅತಿ ಮುಖ್ಯ ಅಧಿಕಾರಿ ಎಂಬ ಅರ್ಥದ ಮಾತನ್ನು ಡಾ. ಅಂಬೇಡ್ಕರ್ ಸಂವಿಧಾನ ಸಭೆಯಲ್ಲಿ ಹೇಳಿದ್ದರು. ಇವರನ್ನು ತೆಗೆಯಬೇಕಾದರೆ ಸುಪ್ರೀಂ ಕೋರ್ಟ್ ನ್ಯಾಯಾಧೀಶರನ್ನು ತೆಗೆಯುವಷ್ಟೇ ಕಷ್ಟದ ವಿಧಾನ ಇದೆ. ನಿವೃತ್ತಿಯ ನಂತರ ಇವರು ಸರ್ಕಾರದ ಬೇರೆ ಹುದ್ದೆ ಪಡೆಯುವಂತಿಲ್ಲ. ಲೆಕ್ಕ ನೋಡುವವರು ಯಾರಿಗೂ ಹೆದರಬಾರದು, ಯಾರಿಂದಲೂ ಆಸೆ ಪಡಬಾರದು ಎಂಬುದೇ ಇದರ ಉದ್ದೇಶ.

ಸಿಎಜಿ ವರದಿ ರಾಷ್ಟ್ರಪತಿಯವರ ಮೂಲಕ ಸಂಸತ್ತಿಗೆ ಬರುತ್ತದೆ. ಅಲ್ಲಿ ಸಾರ್ವಜನಿಕ ಲೆಕ್ಕಪತ್ರ ಸಮಿತಿ ಅದನ್ನು ಪರಿಶೀಲಿಸುತ್ತದೆ. ಸಮಿತಿಯಲ್ಲಿ 22 ಸದಸ್ಯರು: ಲೋಕಸಭೆಯಿಂದ 15, ರಾಜ್ಯಸಭೆಯಿಂದ 7. ಸಚಿವರಾದವರು ಇದರಲ್ಲಿ ಇರುವಂತಿಲ್ಲ. ವಿರೋಧ ಪಕ್ಷದವರನ್ನು ಅಧ್ಯಕ್ಷರನ್ನಾಗಿ ಮಾಡುವ ಪದ್ಧತಿ 1967ರಿಂದ ಇದೆ.

ವಾಪಸ್ ರೈಲಿನಲ್ಲಿ

ರೈಲು ಭೋಪಾಲ್ ದಾಟಿದ ಮೇಲೆ ಮೇಡಂ ಲೆಕ್ಕ ಓದಲು ಹೇಳಿದರು. ನಾನು ಓದಿದೆ. ಬಂದ ಹಣ 18,000. ಬಿಲ್ ಇರುವ ಖರ್ಚು 16,230. ಕೈಯಲ್ಲಿ ಉಳಿದದ್ದು 1,120. ಇತರೆ 650. ಒಟ್ಟು ಸರಿಹೋಯಿತು. ಪುಸ್ತಕ ಮುಚ್ಚಬೇಕು ಎನ್ನುವಷ್ಟರಲ್ಲಿ, ನನ್ನ ವಿರುದ್ಧ ಸೋತಿದ್ದ ಗೆಳತಿ ಕೇಳಿದಳು: "ಇತರೆ ಅಂದರೆ ಏನು? ವೋಚರ್ ಎಲ್ಲಿ?"

ನನಗೆ ಮುಖ ಕೆಂಪಾಯಿತು. ಸೋತ ಸಿಟ್ಟಿಗೆ ಕೇಳುತ್ತಿದ್ದಾಳೆ ಎಂದುಕೊಂಡೆ. "ನಾನೇನು ಕದ್ದಿದ್ದೀನಾ?" ಎಂದು ಜೋರಾಗಿ ಹೇಳಿದೆ. ಅವಳು ಶಾಂತವಾಗಿ, "ಕದ್ದೆ ಅಂತ ನಾನು ಹೇಳಲಿಲ್ಲ. ಏನಕ್ಕೆ ಖರ್ಚಾಯಿತು ಅಂತ ಕೇಳಿದೆ" ಎಂದಳು. ಒಬ್ಬೊಬ್ಬರ ಪಾಲಿಗೆ 18 ರೂಪಾಯಿ ಚಿಲ್ಲರೆ ಆಗುತ್ತದೆ, ಬಿಡಿ ಎಂದು ಒಂದಿಬ್ಬರು ಹುಡುಗರು ಹೇಳಿದರು. ಆದರೆ ಆ ಕಂಪಾರ್ಟ್‌ಮೆಂಟಿನಲ್ಲಿ ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ಹೇಳಿದರೆ ಕೊಟ್ಟ ಮಾತು ತಪ್ಪುತ್ತದೆ, ಹೇಳದಿದ್ದರೆ ಕಳ್ಳಿ ಎನಿಸಿಕೊಳ್ಳಬೇಕು. ನನ್ನ ಕಣ್ಣಲ್ಲಿ ನೀರು ಬಂತು.

ಆಗ ಕಿಟಕಿ ಪಕ್ಕ ಕುಳಿತಿದ್ದ ಗೆಳತಿ ಎದ್ದು ನಿಂತಳು. "ಅದು ನನ್ನ ಸ್ವೆಟರ್" ಎಂದಳು. ಮೈಮೇಲಿದ್ದ ಸ್ವೆಟರ್ ಹಿಡಿದು ತೋರಿಸಿದಳು. ಯಾರೂ ಮಾತಾಡಲಿಲ್ಲ. ಪ್ರಶ್ನೆ ಕೇಳಿದವಳೇ ಮೊದಲು ಹೋಗಿ ಅವಳ ಪಕ್ಕ ಕುಳಿತಳು. "ನಮಗೆ ಹೇಳಿದ್ದರೆ ನಾವೆಲ್ಲ ಸೇರಿ ಕೊಡಿಸುತ್ತಿದ್ದೆವಲ್ಲ" ಎಂದಳು.

ಸರ್ ನನ್ನನ್ನು ಬೈಯಲಿಲ್ಲ, ಹೊಗಳಲೂ ಇಲ್ಲ. ಹೀಗೆ ಹೇಳಿದರು: "ನಿನ್ನ ಮನಸ್ಸು ಒಳ್ಳೆಯದು. ಆದರೆ ಒಳ್ಳೆಯ ಮನಸ್ಸು ವೋಚರ್ ಅಲ್ಲ. ನೀನು ಮಾಡಿದ್ದರಿಂದ ಏನಾಯಿತು ನೋಡು. ಅವಳ ಮಾನ ಉಳಿಸಲು ಹೋದೆ, ಕಡೆಗೆ ಎಲ್ಲರ ಮುಂದೆ ಅವಳೇ ಎದ್ದು ನಿಲ್ಲಬೇಕಾಯಿತು. ಗುಟ್ಟಾಗಿ ಕೊಡಬೇಕಿದ್ದರೆ ನಿನ್ನ ಸ್ವಂತ ದುಡ್ಡಿನಿಂದ ಕೊಡಬಹುದಿತ್ತು. ಇಲ್ಲವೇ ನನಗೋ ಮೇಡಂಗೋ ಬಂದು ಹೇಳಬಹುದಿತ್ತು. ಸಾದಿಲ್ವಾರು ನಿಧಿ ಅಂತ ಮೊನ್ನೆ ಬರೆದುಕೊಂಡೆಯಲ್ಲ, ಅದು ಇರುವುದು ಯಾತಕ್ಕೆ?"

ಆ ಮೇಲೆ ಸರ್ ಎಲ್ಲರಿಗೂ ಕೈ ಎತ್ತಲು ಹೇಳಿದರು. 650 ರೂಪಾಯಿಗೆ ಒಪ್ಪಿಗೆ ಇದೆಯೇ? ಎಲ್ಲರ ಕೈಗಳೂ ಮೇಲೆದ್ದವು. ಪುಸ್ತಕದಲ್ಲಿ "ಇತರೆ" ಎಂಬುದನ್ನು ಹೊಡೆದು "ಸ್ವೆಟರ್, ಎಲ್ಲರ ಒಪ್ಪಿಗೆಯಿಂದ" ಎಂದು ಬರೆದೆ. ಮೇಡಂ ಸಹಿ ಹಾಕಿದರು. ಹೆಚ್ಚುವರಿ ಖರ್ಚಿಗೆ ಒಪ್ಪಿಗೆ ಪಡೆಯುವುದು ಎಂದರೆ ಏನೆಂದು ನನಗೆ ಅರ್ಥವಾದದ್ದು ಸಂಸತ್ತಿನ ಗ್ಯಾಲರಿಯಲ್ಲಲ್ಲ, ಸ್ಲೀಪರ್ ಬೋಗಿಯಲ್ಲಿ.

ಮನೆಗೆ ಬಂದು ಅಬ್ಬಾಗೆ ಎಲ್ಲ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಮಾನತ್ ಇಟ್ಟುಕೊಂಡವರು ಕಳ್ಳರಲ್ಲದಿದ್ದರೆ ಸಾಲದು, ಕೇಳಿದಾಗ ತೋರಿಸುವ ಹಾಗೂ ಇರಬೇಕು" ಎಂದರು. ಅಮ್ಮಿ ಮಾತ್ರ "ಹುಡುಗಿಗೆ ಚಳಿ ಬಿಟ್ಟಿತಲ್ಲ, ಅಷ್ಟು ಸಾಕು" ಎಂದರು. ಇಬ್ಬರ ಮಾತೂ ಸರಿ ಎಂದು ನನಗೆ ಅನ್ನಿಸುತ್ತದೆ.

ನೆನಪಿಡಬೇಕಾದದ್ದು

ಇಷ್ಟು ದಿನ ಲೆಕ್ಕ ಕೇಳುವುದನ್ನು ಅವಮಾನ ಎಂದು ನಾನು ಭಾವಿಸಿದ್ದೆ. ಈಗ ಹಾಗಿಲ್ಲ. ಕೇಳುವವರಿಗೆ ನಮ್ಮ ಮೇಲೆ ಅನುಮಾನ ಇರಲೇಬೇಕೆಂದಿಲ್ಲ. ಹಣ ಅವರದ್ದೂ ಹೌದು, ಅದಕ್ಕೇ ಕೇಳುತ್ತಾರೆ. ರಾಷ್ಟ್ರಪತಿಯವರ ಸಂಬಳದಿಂದ ಹಿಡಿದು ಚಿಕ್ಕ ಇಲಾಖೆಯ ಖರ್ಚಿನವರೆಗೆ ಎಲ್ಲವೂ ಪುಸ್ತಕದಲ್ಲಿ ಬರಬೇಕಾದ ದೇಶದಲ್ಲಿ, ನಮ್ಮ ಓಣಿಯ ಸಂಘದ ಲೆಕ್ಕ, ಮಸೀದಿ ಕಮಿಟಿಯ ಲೆಕ್ಕ, ಕಾಲೇಜಿನ ವಾರ್ಷಿಕೋತ್ಸವದ ಲೆಕ್ಕ ಕೇಳುವುದರಲ್ಲಿ ತಪ್ಪೇನಿಲ್ಲ. ಹಳ್ಳಿಯಿಂದ ಬರುವ ಗೆಳೆಯರಿಗೆ ಇನ್ನೂ ಒಂದು ಅವಕಾಶ ಇದೆ. ಗ್ರಾಮ ಪಂಚಾಯಿತಿಯಲ್ಲಿ ಪ್ರತಿ ವರ್ಷ ಜಮಾಬಂದಿ ನಡೆಯುತ್ತದೆ. ಪಂಚಾಯಿತಿಯ ಜಮಾ, ಖರ್ಚು, ಕಾಮಗಾರಿಗಳನ್ನು ಅಂದು ಊರಿನವರ ಮುಂದೆ ಇಡುತ್ತಾರೆ. ದೆಹಲಿಯ ಗ್ಯಾಲರಿಯಲ್ಲಿ ನಾವು ಬಾಯಿ ಮುಚ್ಚಿ ಕೂರಬೇಕು. ಜಮಾಬಂದಿಯಲ್ಲಿ ಎದ್ದು ಪ್ರಶ್ನೆ ಕೇಳಬಹುದು. ಈ ವರ್ಷ ಹೋಗಿ ಕೇಳಿ.

ಮುಂದಿನ ಪ್ರವಾಸಕ್ಕೆ ಹೋಗುವ ಪ್ರಥಮ ಪಿಯುಸಿ ತಮ್ಮ ತಂಗಿಯರಿಗೆ ನಾವು ಎರಡು ನಿಯಮ ಬರೆದಿಟ್ಟಿದ್ದೇವೆ. ಒಂದು: ಒಟ್ಟು ಹಣದಲ್ಲಿ ಸ್ವಲ್ಪ ಭಾಗವನ್ನು ತುರ್ತು ನಿಧಿಯಾಗಿ ಮೇಡಂ ಹತ್ತಿರ ಇಡಬೇಕು. ಕಷ್ಟ ಇದ್ದವರು ಅವರೊಬ್ಬರಿಗೇ ಹೇಳಿದರೆ ಸಾಕು, ಹೆಸರು ಹೊರಗೆ ಬರುವುದಿಲ್ಲ, ಮೊತ್ತ ಮಾತ್ರ ಲೆಕ್ಕದಲ್ಲಿ ಬರುತ್ತದೆ. ಎರಡು: ಪುಸ್ತಕದಲ್ಲಿ "ಇತರೆ" ಎಂಬ ಪದ ಬರೆಯುವಂತಿಲ್ಲ.

ಈ ಲೇಖನ ಬರೆಯುವ ಮೊದಲು ಸ್ವೆಟರ್ ಗೆಳತಿಯನ್ನು ಕೇಳಿದೆ. "ಬರೆ, ಹೆಸರು ಬೇಡ" ಎಂದಳು. ಈ ಸಲ ಮೊದಲೇ ಒಪ್ಪಿಗೆ ಪಡೆದಿದ್ದೇನೆ.

ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ